ಇಪ್ಪತ್ತಮೂರು ಸ್ಟ್ಯಾಂಡು, ಒಂದು ಬೂದುಗುಂಬಳ

ಗೆರೆ ಎಳೆದು ಕಾಲಂ ಮಾಡದೆ ಯಾವುದನ್ನೂ ತೀರ್ಮಾನಿಸಲಾರದ ಮನುಷ್ಯ ನಾನು. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಮೇಲು. ಮೂರು ವರ್ಷದ ಹಿಂದೆ ಮನೆಗೊಂದು ನಾಯಿಮರಿ ತರಬೇಕೆಂದಾಗ ಪಕ್ಕದ ತೋಟದಲ್ಲಿದ್ದ ನಾಲ್ಕು ಮರಿಗಳಿಗೂ ಅಂಕ ಹಾಕಿದ್ದೆ. ಬೊಗಳುವ ದನಿಗೆ ಹತ್ತು, ಕಿವಿಯ ಚುರುಕಿಗೆ ಹತ್ತು, ಅಪರಿಚಿತರ ಬಗ್ಗೆ ಇರಬೇಕಾದ ಅನುಮಾನಕ್ಕೆ ಹತ್ತು. ಮೂರು ಭಾನುವಾರ ಹೋಗಿ ನೋಡಿ, ಅಂಕಗಳನ್ನು ಕೂಡಿಸಿ, ಸರಾಸರಿ ತೆಗೆಯುವಷ್ಟರಲ್ಲಿ ಮೂರು ಮರಿಗಳು ಬೇರೆಯವರ ಪಾಲಾಗಿದ್ದವು. ಉಳಿದದ್ದು ನನ್ನ ಪಟ್ಟಿಯಲ್ಲಿ ಕೊನೆಯದು. ಅದೇ ನಮ್ಮ ಮನೆಗೆ ಬಂತು. ಈಗಲೂ ಇದೆ. ಕಳ್ಳ ಬಂದರೆ ಬಾಲ ಅಲ್ಲಾಡಿಸುತ್ತದೆ, ನಾನು ಪುಸ್ತಕ ಹಿಡಿದು ಜಗಲಿಗೆ ಬಂದರೆ ಮಾತ್ರ ಬೊಗಳುತ್ತದೆ.

ಈ ಗುಣ ಕಲಿತದ್ದು ಕೆಲಸದಿಂದಲೋ, ಈ ಗುಣವಿದ್ದುದರಿಂದಲೇ ಕೆಲಸ ಸಿಕ್ಕಿತೋ ಹೇಳಲಾರೆ. ಸಂಪಾಜೆಯ ಮೇಲಿನ ಗುಡ್ಡದಲ್ಲಿರುವ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ಬೆಳಿಗ್ಗೆ ಹಾಜರಿ ಕೂಗುವುದು, ಯಾರು ಯಾವ ಕಡೆ ಕಳೆ ತೆಗೆದರು ಎಂದು ಗುರುತು ಹಾಕುವುದು, ಪಿಕ್ಕಿಂಗ್ ಕಾಲದಲ್ಲಿ ಹಣ್ಣಿನ ಚೀಲ ತೂಗಿಸಿ ಬರೆದುಕೊಳ್ಳುವುದು, ಇಷ್ಟು ನನ್ನ ಕೆಲಸ. ಲೈನ್‌ಮನೆಯ ಕೂಲಿಯಾಳುಗಳು ನನ್ನ ಮುಂದೆ ಸೀನಲೂ ಹೆದರುತ್ತಾರೆ. ಅದನ್ನೂ ಬರೆದುಕೊಂಡೇನು ಎಂದು. ಮನೆಗೆ ಬಂದ ಮೇಲೆ ನನ್ನದೇ ಡೈರಿ ಬೇರೆ. ಆರು ವರ್ಷಗಳಲ್ಲಿ ಒಂದು ದಿನವೂ ಖಾಲಿ ಬಿಟ್ಟಿರಲಿಲ್ಲ. ಆ 'ಬಿಟ್ಟಿರಲಿಲ್ಲ' ಎಂಬ ಪದವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಂಥ ನನಗೆ ರಶೀದ್ ಎಂಬ ಗೆಳೆಯ. ಸಂಪಾಜೆಯ ಪೇಟೆಯಲ್ಲಿ ಫೋನ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವನು ಅಂಗಡಿಯಿಂದ, ನಾನು ಎಸ್ಟೇಟಿನ ಸ್ಟೋರ್ ಹಿಂದಿನ ಕಲ್ಲಿನ ಮೇಲಿಂದ, ಫೋನಿನಲ್ಲಿ ಜೋಡಿಯಾಗಿ ಗುಂಡು ಹಾರಿಸುವ ಆಟ ಆಡುತ್ತೇವೆ. ಎರಡು ವರ್ಷದ ಜೋಡಿ. ಅವನು ಮುನ್ನುಗ್ಗುವವನು, ನಾನು ಹಿಂದೆ ನಿಂತು ಎಷ್ಟು ಗುಂಡು ಉಳಿದಿದೆ ಎಂದು ಎಣಿಸುವವನು. ಫೆಬ್ರುವರಿಯ ಒಂದು ಭಾನುವಾರ ರಶೀದ್ ಹೇಳಿದ: "ನಾವು ಇಷ್ಟು ಚಂದ ಆಡ್ತೇವೆ ಮಾರಾಯ, ಯಾರೂ ನೋಡುದಿಲ್ಲ. ಲೈವ್ ಮಾಡುವ. ಚಾನೆಲ್ ನಮ್ಮಿಬ್ಬರ ಹೆಸರಲ್ಲಿ." ನಾನು ಬಹಳ ಸಂತೋಷದಿಂದ ಒಪ್ಪಿದೆ. ಒಪ್ಪಿ, "ಸಾಮಾನು ಯಾವುದು ಬೇಕು ಅಂತ ಒಂದು ಸಲ ನೋಡ್ತೇನೆ" ಅಂದೆ. ಆ ಮಾತನ್ನು ಆಡಬಾರದಿತ್ತು. ರಶೀದ್‌ಗೆ ನಾಯಿಮರಿಯ ಕತೆ ಗೊತ್ತಿರಲಿಲ್ಲ.

ಹೊಸ ಉದ್ದನೆಯ ನೋಟ್‌ಬುಕ್ ತಂದೆ. ಮೈಕಿಗೊಂದು ಭಾಗ, ಕ್ಯಾಮೆರಾಕ್ಕೊಂದು, ಬೆಳಕಿಗೊಂದು, ಹೆಡ್‌ಫೋನಿಗೊಂದು, ಕ್ಯಾಮೆರಾ ನಿಲ್ಲಿಸುವ ಸ್ಟ್ಯಾಂಡಿಗೊಂದು. ದಿನಕ್ಕೆರಡು ರಿವ್ಯೂ ವಿಡಿಯೋ ಎಂದು ವ್ರತ ಹಿಡಿದೆ. ಈ ರಿವ್ಯೂ ಹೇಳುವವರ ಲೋಕವೇ ಬೇರೆ. ಒಬ್ಬ ಒಂದು ಮೈಕನ್ನು ಕೈಯಲ್ಲಿ ಹಿಡಿದು, ಅದು ಇಲ್ಲದೆ ಇಷ್ಟು ದಿನ ಹೇಗೆ ಬದುಕಿದ್ದೆ ಎಂದು ಕಣ್ಣು ಒದ್ದೆ ಮಾಡಿಕೊಳ್ಳುತ್ತಾನೆ. ಮುಂದಿನ ತಿಂಗಳು ಅವನೇ, ಅದೇ ಮೈಕನ್ನು ಕೊಂಡವರು ಮೋಸ ಹೋದರು ಎಂದು ಇನ್ನೊಂದನ್ನು ಹಿಡಿದು ಬರುತ್ತಾನೆ. ಇನ್ನೊಬ್ಬ ಪ್ರತಿ ವಸ್ತುವಿಗೂ "ಹೊಸಬರಿಗೆ ಇದು ಸಾಕು" ಎನ್ನುತ್ತಾನೆ, ಆದರೆ ಸಾಕು ಎನ್ನುವಾಗ ಅವನ ಮುಖದಲ್ಲಿ ಎಂಥ ಕನಿಕರವೆಂದರೆ, ಅದನ್ನು ಕೊಂಡರೆ ಜೀವನವಿಡೀ ಹೊಸಬನಾಗಿಯೇ ಉಳಿದುಬಿಡುತ್ತೇನೋ ಎಂದು ಭಯವಾಗುತ್ತದೆ. ಮೂರನೆಯವನ ಹಿಂದೆ ನೀಲಿ, ನೇರಳೆ ದೀಪಗಳು ಉರಿಯುತ್ತಿರುತ್ತವೆ. ಅವನು ಹೇಳಿದ್ದೆಲ್ಲ ನಿಜವೇ ಇರಬೇಕು ಅನಿಸುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಲೆಕ್ಕ ಹೀಗಿತ್ತು: ಹದಿನೇಳು ಮೈಕ್, ಹನ್ನೊಂದು ಕ್ಯಾಮೆರಾ, ಒಂಬತ್ತು ದೀಪ, ಇಪ್ಪತ್ತಮೂರು ಸ್ಟ್ಯಾಂಡ್. ನನ್ನ ಮನಸ್ಸು ಬದಲಾದದ್ದು ನಲವತ್ತೊಂದು ಸಲ. ಲೈವ್ ಮಾಡಿದ್ದು ಸೊನ್ನೆ.

ಮನೆಯವರಿಗೆ ಇದು ಅರ್ಥವಾಗಲಿಲ್ಲ. ಅಪ್ಪ ಬಾಡಿಗೆಗೆ ಪಿಕಪ್ ಜೀಪು ಓಡಿಸುತ್ತಾರೆ. ಮೂವತ್ತು ವರ್ಷದ ಹಿಂದೆ ಆ ಜೀಪನ್ನು ಒಂದು ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ನೋಡಿ ತಂದವರು. ನನ್ನ ನೋಟ್‌ಬುಕ್ಕನ್ನು ಒಂದು ಸಂಜೆ ತಿರುವಿ ಹಾಕಿ, "ಹೆಣ್ಣು ನೋಡಿಕೆ ಹೋದರೂ ಇಷ್ಟು ನೋಡುವವು ಇಲ್ಲೆ" ಎಂದು ಅವ್ವನಿಗೆ ಹೇಳಿದರು. ನಮ್ಮ ಮನೆಮಾತು ಅರೆಭಾಷೆ. ಅದರಲ್ಲಿ ಬೈದರೂ ಬುದ್ಧಿ ಹೇಳಿದ ಹಾಗೆಯೇ ಕೇಳಿಸುತ್ತದೆ. ರಶೀದ್‌ನ ಮಾತಿಗೆ ಆ ಮೃದುತನ ಇರಲಿಲ್ಲ. "ನೀನು ಮೈಕ್ ನೋಡ್ತಾ ಇದ್ದೀಯಾ, ಮೈಕಿಗೆ ಜಾತಕ ಕೂಡಿಸ್ತಾ ಇದ್ದೀಯಾ?" ಎಂದು ಕೇಳಿದ. ನಾನು ತಾಳ್ಮೆಯಿಂದ, ನಮ್ಮ ಗುಡ್ಡದ ಜೀರುಂಡೆ ಸದ್ದನ್ನು ಹಿಡಿಯದ, ಆದರೆ ನಮ್ಮ ದನಿಯನ್ನು ಬಿಡದ ಮೈಕ್ ಬೇಕೆಂದೂ, ಅಂಥ ಪರೀಕ್ಷೆಯನ್ನು ಯಾವ ರಿವ್ಯೂದವನೂ ಮಾಡಿಲ್ಲವೆಂದೂ ವಿವರಿಸಿದೆ. "ಜೀರುಂಡೆ ಇರ್ಲಿ ಮಾರಾಯ. ನೀನು ಮಾತಾಡುದಕ್ಕಿಂತ ಅದು ಚಂದ ಮಾತಾಡ್ತದೆ" ಅಂದ.

ಸೆಪ್ಟೆಂಬರಿನಲ್ಲಿ ಒಂದು ಸಂಜೆ ರಶೀದ್ ನನ್ನನ್ನು ಅಂಗಡಿಗೆ ಕರೆಸಿ ಒಂದು ಸುದ್ದಿ ಹೇಳಿದ. ಕುಶಾಲನಗರದ ಇಬ್ಬರು ಹುಡುಗರ ಜೋಡಿಯೊಂದು ನಮ್ಮನ್ನು ಪಂದ್ಯಕ್ಕೆ ಕರೆದಿತ್ತು. ಅವರ ಚಾನೆಲನ್ನು ಸಾಕಷ್ಟು ಜನ ನೋಡುತ್ತಾರೆ. ಪಂದ್ಯ ಆಯುಧ ಪೂಜೆಯ ದಿನ ಸಂಜೆ ನಾಲ್ಕಕ್ಕೆ. ಎಲ್ಲರಿಗೂ ರಜೆ, ನೋಡುವವರಿಗೂ ಬಿಡುವು. ನಿಯಮ ಒಂದೇ: ಬೇರೆ ಯಾರೋ ಕೂತು ಆಡಿಕೊಡಬಾರದು, ಆದ್ದರಿಂದ ಎರಡೂ ಕಡೆಯವರು ಮುಖ, ಕೈ ಕಾಣುವ ಹಾಗೆ ತಂತಮ್ಮ ಚಾನೆಲಿನಲ್ಲಿ ಲೈವ್ ಕೂರಬೇಕು. ಮುಖ ಕ್ಯಾಮೆರಾದಿಂದ ತಪ್ಪಿದರೆ ಆ ಜೋಡಿ ಸೋತ ಹಾಗೆ. ಇಷ್ಟು ಹೇಳಿ ರಶೀದ್ ಸ್ಕ್ರೂಡ್ರೈವರ್ ಕೆಳಗಿಟ್ಟ. "ನೋಡು, ಆ ದಿವಸ ಶುರು ಮಾಡ್ಲಿಲ್ಲ ಅಂದ್ರೆ ನಾನು ನನ್ನ ಚಿಕ್ಕಪ್ಪನ ಮಗನ ಒಟ್ಟಿಗೆ ಮಾಡ್ತೇನೆ. ಬೇಜಾರು ಮಾಡ್ಬೇಡ. ಏಳು ತಿಂಗಳು ಕಾದೆ." ನಗುತ್ತಾ ಹೇಳಿದ್ದರೆ ನಾನು ಬೇಜಾರು ಮಾಡುತ್ತಿದ್ದೆ. ನಗದೆ ಹೇಳಿದ್ದರಿಂದ ಹೆದರಿಕೆಯಾಯಿತು. ಆ ರಾತ್ರಿಯ ಡೈರಿಯಲ್ಲಿ ಒಂದೇ ಸಾಲು ಇದೆ: "ರ. ಹೋಗುವ ಸಾಧ್ಯತೆ ಇದೆ." ಅದಕ್ಕೆ ಅಂಕ ಹಾಕಲು ನನಗೆ ಮನಸ್ಸಾಗಲಿಲ್ಲ.

ಹೆದರಿಕೆ ದೊಡ್ಡ ಉಪಕಾರ ಮಾಡಿತು. ನಾಲ್ಕೇ ದಿನದಲ್ಲಿ ಎಲ್ಲವನ್ನೂ ಆರಿಸಿ ತರಿಸಿದೆ. ಪೂಜೆಗೆ ಹತ್ತು ದಿನ ಇರುವಾಗ ಪೆಟ್ಟಿಗೆಗಳು ಬಂದವು. ರಶೀದ್ ಓಡೋಡಿ ಬಂದು, "ಬಿಚ್ಚು, ಬಿಚ್ಚು" ಅಂದ. ನಾನು ಬಿಚ್ಚಲಿಲ್ಲ. ಅಂಟುಪಟ್ಟಿ ಹರಿಯದಿದ್ದರೆ ಹಿಂದಿರುಗಿಸಬಹುದು. ಸ್ಟ್ಯಾಂಡಿನ ವಿಷಯದಲ್ಲಿ ಏಳನೆಯದಕ್ಕೂ ಹತ್ತೊಂಬತ್ತನೆಯದಕ್ಕೂ ಇದ್ದ ಅರ್ಧ ಅಂಕದ ವ್ಯತ್ಯಾಸ ನನ್ನನ್ನು ಇನ್ನೂ ಕೊರೆಯುತ್ತಿತ್ತು. ಪಂದ್ಯದ ದಿನ ಮಧ್ಯಾಹ್ನ ಎರಡಕ್ಕೆ ಬಿಚ್ಚುವುದು, ಎರಡೂವರೆಗೆ ಜೋಡಿಸುವುದು, ಮೂರಕ್ಕೆ ದನಿ ಪರೀಕ್ಷೆ, ಮೂರೂವರೆಗೆ ಬೆಳಕಿನ ಪರೀಕ್ಷೆ ಎಂದು ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ರಶೀದ್ ವೇಳಾಪಟ್ಟಿಯನ್ನು ಓದಿ, ಚಪ್ಪಲಿ ಮೆಟ್ಟಿ ಅಂಗಡಿಗೆ ಹೋದ. ಅವ್ವನೂ ಓದಿದರು. ಅವ್ವನಿಗೆ ಅದರಿಂದ ತಿಳಿದದ್ದು ಒಂದೇ: ಮನೆಗೆ ಹೊಸ ಸಾಮಾನು ಬಂದಿದೆ.

ಆಯುಧ ಪೂಜೆಯ ಬೆಳಿಗ್ಗೆ ನಾನು ಎಸ್ಟೇಟಿಗೆ ಹೋಗಬೇಕಿತ್ತು. ಅಲ್ಲಿ ಸ್ಟೋರಿನ ಮುಂದೆ ಕತ್ತಿ, ಗುದ್ದಲಿ, ಸ್ಪ್ರೇ ಪಂಪು, ತೂಕದ ಯಂತ್ರ ಎಲ್ಲವನ್ನೂ ಸಾಲಾಗಿಟ್ಟು ಪೂಜೆ. ಆಮೇಲೆ ಪ್ರತಿಯೊಬ್ಬರಿಗೂ ಪುರಿಯ ಪೊಟ್ಟಣ. ಪೊಟ್ಟಣ ಯಾರಿಗೆ ಸಿಕ್ಕಿತು, ಯಾರಿಗೆ ಎರಡು ಸಲ ಸಿಕ್ಕಿತು ಎಂದು ಗುರುತು ಹಾಕುವವನು ನಾನೇ. ಎಲ್ಲ ಮುಗಿಸಿ ಮನೆಗೆ ಬಂದಾಗ ಸರಿಯಾಗಿ ಎರಡು ಗಂಟೆ. ನನ್ನ ಕೋಣೆಗೆ ಹೋದೆ. ಪೆಟ್ಟಿಗೆಗಳು ಇದ್ದವು. ಖಾಲಿಯಾಗಿದ್ದವು.

ದೇವರ ಕೋಣೆಯಲ್ಲಿ ಕಂಡದ್ದನ್ನು ನಾನು ಸಾಯುವವರೆಗೆ ಮರೆಯಲಾರೆ. ಅಪ್ಪನ ಸ್ಪ್ಯಾನರುಗಳು, ಅಡುಗೆಮನೆಯ ಕತ್ತಿ, ತುರಿಮಣೆ, ಹೊಲಿಗೆ ಯಂತ್ರ ಪ್ರತಿ ವರ್ಷದ ಹಾಗೆ ಸಾಲಾಗಿ ಕೂತಿದ್ದವು. ಅವುಗಳ ನಡುವೆ, ಗಂಭೀರವಾಗಿ, ನನ್ನ ಎಂಟು ತಿಂಗಳ ತಪಸ್ಸು. ಕ್ಯಾಮೆರಾದ ಕಣ್ಣಿನ ನಟ್ಟನಡುವೆ ಗಂಧ, ಗಂಧದ ಮೇಲೆ ದುಂಡನೆಯ ಕುಂಕುಮ. ಮೈಕಿನ ಜಾಲರಿಗೆ ಮೂರು ಬೆರಳಿನಿಂದ ಒತ್ತಿ ಹಚ್ಚಿದ ವಿಭೂತಿ. ಹೆಡ್‌ಫೋನಿಗೆ ಚೆಂಡುಹೂವಿನ ಮಾಲೆ. ನನ್ನ ಹಳೆಯ ಲ್ಯಾಪ್‌ಟಾಪಿನ ಮೇಲೂ ಅಕ್ಷತೆ. ಏಳನೆಯ ಸ್ಟ್ಯಾಂಡಿಗೆ ಮಾವಿನೆಲೆ ಕಟ್ಟಿ ಅದನ್ನು ದೀಪದ ಕಂಬದ ಹಾಗೆ ನಿಲ್ಲಿಸಿದ್ದರು. ಮುಖಕ್ಕೆ ಬೆಳಕು ಬೀಳಿಸಲು ತಂದಿದ್ದ ಬಳೆಯಾಕಾರದ ದೀಪವನ್ನು ಚಾಮುಂಡಿಯ ಪಟದ ಹಿಂದಿಟ್ಟು ಹೊತ್ತಿಸಿದ್ದರು. ಪ್ರಭಾವಳಿ ಚೆನ್ನಾಗಿಯೇ ಕಾಣುತ್ತಿತ್ತು. ಬೆಳಕಿಗೆ ನಾನು ಕೊಟ್ಟಿದ್ದ ಎಂಟೂವರೆ ಅಂಕ ಕಡಿಮೆಯಾಯಿತೇನೋ ಅನಿಸಿತು. ಎಲ್ಲಕ್ಕೂ ಕೆಳಗೆ, ಸರಸ್ವತಿಯ ಮುಂದೆ, ಪುಸ್ತಕಗಳ ಜೊತೆಗೆ ನನ್ನ ಉದ್ದನೆಯ ನೋಟ್‌ಬುಕ್. ಅದರ ಮೇಲೆ ನನ್ನ ಡೈರಿ, ಪೆನ್ನು.

"ಅವ್ವಾ!" ಎಂದು ಕೂಗಿದೆ.

ಅವ್ವ ಕೈ ಒರೆಸುತ್ತಾ ಬಂದರು. ಮುಖದಲ್ಲಿ ತೃಪ್ತಿ. "ನೀ ಮರೆತು ಹೋಗಿದ್ದೆ ಅಲಾ ಮಗ? ಹೊಸ ಆಯುಧ ಮನೆಗೆ ಬಂದುಟ್ಟು, ಪೆಟ್ಟಿಗೆ ಒಳಗೇ ಇಡಿಕೆ ಆದೆನಾ?"

ನಾಲ್ಕಕ್ಕೆ ಪಂದ್ಯವಿದೆ, ಈಗಲೇ ಎಲ್ಲ ಬೇಕು ಎಂದೆ. ಅವ್ವ ನನ್ನನ್ನು, ಅಂಗಡಿಯವನು ಹರಿದ ನೋಟನ್ನು ನೋಡುವ ಹಾಗೆ ನೋಡಿದರು. "ಇಂದ್ ಮುಟ್ಟಿಕೆ ಇಲ್ಲೆ. ಪೂಜೆಗೆ ಇಟ್ಟದರ ನಾಳೆ ಮಂಗಳಾರತಿ ಆದ ಮೇಲೆಯೇ ತೆಗೆಯುದು." ನಮ್ಮ ಮನೆಯಲ್ಲಿ ಇದು ಬದಲಾಗದ ಮಾತು. ಒಮ್ಮೆ ಅಜ್ಜ ತಮ್ಮ ಕನ್ನಡಕವನ್ನು ಪೂಜೆಗೆ ಇಟ್ಟು, ಮರುದಿನದವರೆಗೆ ಗೋಡೆ ಹಿಡಿದು ಓಡಾಡಿದ್ದರಂತೆ. ತಪ್ಪು ಯಾರದೆಂದು ಗೋಡೆಯ ಮೇಲಿನ ವೇಳಾಪಟ್ಟಿಯೇ ಹೇಳುತ್ತಿತ್ತು. ಹತ್ತು ದಿನದ ಹಿಂದೆ ಬಿಚ್ಚಿದ್ದರೆ, ಎಂಟು ತಿಂಗಳ ಹಿಂದೆ ಯಾವುದೋ ಒಂದನ್ನು ಕೊಂಡಿದ್ದರೆ... ಇದನ್ನೆಲ್ಲ ಬರೆದುಕೊಳ್ಳೋಣವೆಂದರೆ ಡೈರಿಯೂ ದೇವರ ಕಾಲಡಿಯಲ್ಲಿತ್ತು.

ಮೂರೂಕಾಲಿಗೆ ರಶೀದ್ ಬಂದ. ದೇವರ ಕೋಣೆಯ ಹೊರಗೇ ನಿಂತು ಇಣುಕಿ ನೋಡಿದ. ಬೈಯುತ್ತಾನೆ ಎಂದುಕೊಂಡೆ. ಬಾಗಿಲು ಹಿಡಿದು ಕುಸಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅವ್ವ ಕೊಟ್ಟ ಪುರಿ ಬಾಯಿಗೆ ಹಾಕಿಕೊಂಡು ಇನ್ನೂ ನಕ್ಕ. ಆಮೇಲೆ ಗಂಭೀರವಾದ. "ಅಂಗಡಿಗೆ ಹೋಗಿ ಏನಾದ್ರೂ ತರ್ಲಿಕ್ಕೆ ಹೊತ್ತಿಲ್ಲ. ಆಡ್ಲಿಕ್ಕೆ ನಮ್ಮಿಬ್ಬರ ಫೋನ್ ಉಂಟು. ಲೈವಿಗೆ ಇನ್ನೊಂದು ಬೇಕು. ಅಷ್ಟೇ ಅಲ್ವಾ? ಅಮ್ಮಾ, ನಿಮ್ಮ ಫೋನ್ ಪೂಜೆಗೆ ಇಟ್ಟಿದ್ದೀರಾ?"

"ಅದ್ ಆಯುಧ ಅಲ್ಲ, ಅದ್ ಫೋನ್" ಎಂದು ಅವ್ವ ಸೊಂಟದಿಂದ ತೆಗೆದು ಕೊಟ್ಟರು. ಅಕ್ಕನ ಮದುವೆಯ ವರ್ಷದ ಫೋನು, ಮೂಲೆ ಒಡೆದದ್ದು, ಧಾರಾವಾಹಿ ನೋಡಲು ಇಟ್ಟುಕೊಂಡದ್ದು. ರಶೀದ್ ಹತ್ತು ನಿಮಿಷದಲ್ಲಿ ಅದರಲ್ಲಿ ಚಾನೆಲ್ ತೆರೆದ. ಹೆಸರಿಗಾಗಿ ನಾನು ಆರು ಆಯ್ಕೆಗಳನ್ನು ಹೇಳಲು ಬಾಯಿ ತೆರೆದಾಗ ಅವನು ಆಗಲೇ ಯಾವುದೋ ಒಂದನ್ನು ಒತ್ತಿಬಿಟ್ಟಿದ್ದ.

ಇನ್ನು ಉಳಿದದ್ದು ಫೋನನ್ನು ನಿಲ್ಲಿಸುವುದು. ಚೊಂಬಿಗೆ ಒರಗಿಸಿದೆವು, ಜಾರಿತು. ಅಕ್ಕಿ ಅಳೆಯುವ ಸೇರು ಪೂಜೆಯಲ್ಲಿತ್ತು. ಮೂರೂಮುಕ್ಕಾಲು. ಆಗ ರಶೀದ್‌ನ ಕಣ್ಣು ಜಗಲಿಯ ಮೂಲೆಗೆ ಹೋಯಿತು. ಅಲ್ಲಿ ಜೀಪಿಗೆ ದೃಷ್ಟಿ ತೆಗೆಯಲು ತಂದಿಟ್ಟಿದ್ದ ದೊಡ್ಡ ಬೂದುಗುಂಬಳ. ಮಧ್ಯಾಹ್ನಕ್ಕೆ ಕತ್ತಿ ಪೂಜೆಗೆ ಹೋಗುತ್ತದೆಂದು ಅಪ್ಪ ಬೆಳಿಗ್ಗೆಯೇ ಅದರ ನೆತ್ತಿಯಲ್ಲಿ ಸೀಳು ಕೊರೆದು, ಕುಂಕುಮ ತುಂಬಿ ಇಟ್ಟಿದ್ದರು. ರಶೀದ್ ಫೋನನ್ನು ಆ ಸೀಳಿಗೆ ಇಳಿಸಿದ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ತಳ್ಳಿ ನೋಡಿದೆ, ಅಲ್ಲಾಡಲಿಲ್ಲ. ಇಪ್ಪತ್ತಮೂರು ಸ್ಟ್ಯಾಂಡುಗಳಲ್ಲಿ ಒಂದಕ್ಕೂ ಸ್ಥಿರತೆಯಲ್ಲಿ ನಾನು ಹತ್ತಕ್ಕೆ ಹತ್ತು ಕೊಟ್ಟಿರಲಿಲ್ಲ.

ನಾಲ್ಕಕ್ಕೆ ಲೈವ್ ಆದೆವು. ನೋಡುವವರು ಹನ್ನೊಂದು ಮಂದಿ, ಅದರಲ್ಲಿ ಆರು ನಮ್ಮ ನೆಂಟರು. ಮೈಕಿಲ್ಲ, ಆದ್ದರಿಂದ ಕೂಗಿ ಮಾತಾಡಿದೆವು. ಅದೇನೂ ನನಗೆ ಕಷ್ಟವಲ್ಲ, ದಿನಾ ಬೆಳಿಗ್ಗೆ ಹಾಜರಿ ಕೂಗುವ ಗಂಟಲು. ಹಿಂದಿನಿಂದ ಜೀರುಂಡೆಯೂ ಕೂಗಿತು. ಮೊದಲ ಅರ್ಧ ಗಂಟೆ ನಾವು ಮುಂದಿದ್ದೆವು ಎಂದರೆ ನೀವು ನಂಬಲಾರಿರಿ. ರಶೀದ್ ಮುನ್ನುಗ್ಗಿದ, ನಾನು ಗುಂಡು ಎಣಿಸಿದೆ. ಕೊನೆಯ ಸುತ್ತು ಶುರುವಾಗುವಾಗ ನಾಲ್ಕೂವರೆ. ಅಂದು ಮಂಗಳವಾರ. ಅಂಗಳದಿಂದ ಅಪ್ಪನ ದನಿ ಬಂತು: "ರಾಹುಕಾಲ ಹೋತ್. ಕುಂಬಳಕಾಯಿ ಎಲ್ಲುಟ್ಟು?"

ನಾವು ಉತ್ತರಿಸುವ ಮೊದಲೇ ಅಪ್ಪ ಜಗಲಿಗೆ ಬಂದು, ಕುಂಬಳಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಇಳಿದುಹೋದರು. ಚಾಳೀಸು ಹಾಕಿರಲಿಲ್ಲ, ಅದರೊಳಗೆ ನಿಂತಿದ್ದುದು ಹೂವೋ ಎಲೆಯೋ ಎಂದುಕೊಂಡಿರಬೇಕು. "ಮುಖ! ಮುಖ ತಪ್ಪಿದ್ರೆ ಸೋತೆವು!" ಎಂದು ರಶೀದ್ ಹಾರಿದ. ನಾನೂ ಹಾರಿದೆ. ಅಪ್ಪ ಕುಂಬಳಕಾಯಿಯ ಮೇಲೆ ಕರ್ಪೂರ ಹಚ್ಚಿ ಜೀಪಿಗೆ ಸುತ್ತು ಬರತೊಡಗಿದರು. ಕ್ಯಾಮೆರಾ ಹಿಂದಕ್ಕೆ ಮುಖ ಮಾಡಿದ್ದರಿಂದ ನಾವಿಬ್ಬರೂ ಅವರ ಬೆನ್ನ ಹಿಂದೆ, ತಲೆ ಬಗ್ಗಿಸಿ, ಫೋನಿನಲ್ಲಿ ಗುಂಡು ಹಾರಿಸುತ್ತಾ, ಸರದಿಯಂತೆ ಅವರ ಹೆಗಲ ಮೇಲಿಂದ ಕತ್ತು ಚಾಚಿ ಮುಖ ತೋರಿಸುತ್ತಾ ಹಿಂಬಾಲಿಸಿದೆವು. ನಮ್ಮ ಹಿಂದೆ ನಾಯಿ. ಅಪ್ಪ ತಿರುಗಿ ನೋಡಿ, ಈ ವರ್ಷವಾದರೂ ಮಗನಿಗೆ ಭಕ್ತಿ ಬಂತಲ್ಲ ಎಂದು ಮೆಲ್ಲಗೆ ನಡೆದರು, ನಮಗೆ ಅನುಕೂಲವಾಗಲಿ ಎಂದು. ಎರಡನೆಯ ಸುತ್ತಿನಲ್ಲಿ ಕರ್ಪೂರದ ಹೊಗೆ ಕಣ್ಣಿಗೆ ಹೊಕ್ಕು ನಾನು ಆಟದಲ್ಲಿ ಸತ್ತೆ. ಮೂರನೆಯ ಸುತ್ತಿನಲ್ಲಿ ರಶೀದ್ ಒಬ್ಬನೇ ಇಬ್ಬರನ್ನು ಎದುರಿಸುತ್ತಿದ್ದ. ಅಪ್ಪ ಕುಂಬಳಕಾಯಿಯನ್ನು ತಲೆಯ ಮೇಲಕ್ಕೆ ಎತ್ತಿದರು.

"ನನ್ನ ಫೋನ್!" ಎಂದು ಅವ್ವ ಅಡುಗೆಮನೆಯಿಂದ ಕಿರುಚಿದರು.

ರಶೀದ್ ಆಟ ಬಿಟ್ಟ, ಫೋನ್ ಕಿತ್ತುಕೊಂಡ. ಕುಂಬಳಕಾಯಿ ಜೀಪಿನ ಮುಂದೆ ನಾಲ್ಕು ಹೋಳಾಗಿ ಕೆಂಪಗೆ ಚೆಲ್ಲಿತು. ಆ ಹೊತ್ತಿಗೆ ಅವನೂ ಆಟದಲ್ಲಿ ಸತ್ತಿದ್ದ. ನಾವು ಒಂದು ಅಂಕದಿಂದ ಸೋತೆವು. ಆದರೆ ಒಬ್ಬರಲ್ಲ ಒಬ್ಬರ ಮುಖ ಒಂದು ಕ್ಷಣವೂ ತಪ್ಪಿರಲಿಲ್ಲ. ಕುಶಾಲನಗರದವರೇ ನಗು ತಡೆಯಲಾರದೆ ಅದನ್ನು ಒಪ್ಪಿಕೊಂಡರು. ನೋಡುವವರು ನಾನೂರು ದಾಟಿದ್ದರು ಎಂದು ನೆನಪು. ಖಚಿತವಾಗಿ ಹೇಳಲಾರೆ, ಬರೆದುಕೊಳ್ಳಲು ಏನೂ ಇರಲಿಲ್ಲ. ಸೋತದ್ದಕ್ಕೆ, ತಡಮಾಡಿದ್ದಕ್ಕೆ, ಎಲ್ಲಕ್ಕೂ ಸೇರಿಸಿ ಕ್ಷಮೆ ಕೇಳೋಣವೆಂದು ರಶೀದ್‌ನ ಕಡೆ ತಿರುಗಿದೆ. ಅವನು ಅವ್ವನ ಫೋನಿಗೆ ಮೆತ್ತಿದ ಕುಂಕುಮವನ್ನು ಲುಂಗಿಯಿಂದ ಒರೆಸುತ್ತಾ ಕೂತಿದ್ದ. "ಮುಂದಿನ ಭಾನುವಾರ ಎಷ್ಟು ಗಂಟೆಗೆ?" ಎಂದು ಕೇಳಿದ. ಚಿಕ್ಕಪ್ಪನ ಮಗನ ಸುದ್ದಿ ಎತ್ತಲಿಲ್ಲ.

ಮುಂದಿನ ಭಾನುವಾರ ನಾವು ಎಲ್ಲ ಸಾಮಾನನ್ನೂ ಒರೆಸಿ, ಜೋಡಿಸಿ, ವೇಳಾಪಟ್ಟಿಯ ಪ್ರಕಾರ ಲೈವ್ ಕೂತೆವು. ಮೈಕಿನಿಂದ ಸಣ್ಣಗೆ ವಿಭೂತಿ ಉದುರಿತು, ಅಷ್ಟು ಬಿಟ್ಟರೆ ಯಾವ ಕೊರತೆಯೂ ಇರಲಿಲ್ಲ. ನೋಡಿದವರು ಒಂಬತ್ತು ಮಂದಿ. ಅದರಲ್ಲಿ ನಾಲ್ವರು ಒಂದೇ ಪ್ರಶ್ನೆ ಕೇಳಿದರು: "ಕುಂಬಳಕಾಯಿ ಎಲ್ಲಿ?" ಹಳೆಯ ವಿಡಿಯೋದ ಕೆಳಗೆ ಇನ್ನೂ ಬರೆಯುತ್ತಲೇ ಇದ್ದಾರೆ. ಸ್ಟ್ಯಾಂಡ್ ಯಾವ ಕಂಪನಿಯದು ಎಂದು ಒಬ್ಬ ಕೇಳಿದ್ದಾನೆ. ನಡೆಯುವಾಗಲೂ ಅಲುಗಾಡಲಿಲ್ಲ, ಲಿಂಕ್ ಕೊಡಿ ಎಂದು ಇನ್ನೊಬ್ಬ. ಎಂಟು ತಿಂಗಳು ಜಗತ್ತಿನ ಸ್ಟ್ಯಾಂಡುಗಳನ್ನೆಲ್ಲ ತೂಗಿ ನೋಡಿದ ನನಗೆ ಉತ್ತರ ಕೊಡಲು ಬಂದ ಮೊದಲ ಅವಕಾಶ ಇದು.

ಡೈರಿಯಲ್ಲಿ ಆ ಮಂಗಳವಾರದ ಪುಟ ಖಾಲಿ. ಆರು ವರ್ಷಗಳಲ್ಲಿ ಬರೆದಿಡುವಂಥ ಒಂದು ದಿನ ಬಂತು, ಆ ದಿನ ಪೆನ್ನು ಪೂಜೆಯಲ್ಲಿತ್ತು. ಪುಟದ ಮೂಲೆಯಲ್ಲಿ ಅವ್ವನ ಬೆರಳಿನ ಕುಂಕುಮದ ಗುರುತು ಮಾತ್ರ ಇದೆ. ಅದನ್ನು ಅಳಿಸದೆ ಹಾಗೇ ಬಿಟ್ಟಿದ್ದೇನೆ.

ಈಗ ರಶೀದ್‌ನ ಒತ್ತಾಯಕ್ಕೆ ಮತ್ತೆ ಕುಂಬಳಕಾಯಿಯ ಮೇಲೆಯೇ ಲೈವ್ ಎಂದು ತೀರ್ಮಾನವಾಗಿದೆ. ಕುಂಬಳಕಾಯಿ ಎಂದ ಮೇಲೆ ಯಾವುದೋ ಒಂದು ಎಂದು ಬಿಡಲಾಗುತ್ತದೆಯೇ? ನೋಟ್‌ಬುಕ್ಕಿನಲ್ಲಿ ಹೊಸ ಭಾಗ ತೆರೆದೆ. ಅಡಿ ಚಪ್ಪಟೆ ಇರುವುದಕ್ಕೆ ಹತ್ತು, ಸಿಪ್ಪೆಯ ಗಡಸಿಗೆ ಹತ್ತು, ತೂಕಕ್ಕೆ ಹತ್ತು. ಆರು ಕುಂಬಳಕಾಯಿ ತಂದು ಜಗಲಿಯಲ್ಲಿ ನಂಬರ್ ಚೀಟಿ ಅಂಟಿಸಿ ಇಟ್ಟಿದ್ದೆ. ಎರಡು ವಾರದ ಪರೀಕ್ಷೆಯಲ್ಲಿ ನಾಲ್ಕನೆಯದು ಮುಂದಿತ್ತು. ಆರನೆಯದಕ್ಕೂ ಅದಕ್ಕೂ ಅರ್ಧ ಅಂಕದ ವ್ಯತ್ಯಾಸವಿದ್ದುದರಿಂದ ಇನ್ನೊಂದು ವಾರ ನೋಡೋಣವೆಂದುಕೊಂಡಿದ್ದೆ. ನಿನ್ನೆ ಎಸ್ಟೇಟಿನಿಂದ ಬಂದಾಗ ನಾಲ್ಕನೆಯದರ ಜಾಗ ಖಾಲಿಯಾಗಿತ್ತು. ಎಲೆಯ ಮುಂದೆ ಕೂತಾಗ ಅವ್ವ ಕುಂಬಳಕಾಯಿಯ ಮಜ್ಜಿಗೆಹುಳಿ ಬಡಿಸಿದರು. ಎರಡು ಸಲ ಹಾಕಿಸಿಕೊಂಡೆ. ಊಟವಾದ ಮೇಲೆ ನೋಟ್‌ಬುಕ್ ತೆಗೆದು ನಾಲ್ಕನೆಯ ಸಾಲಿನ ಷರಾ ಕಾಲಮ್ಮಿನಲ್ಲಿ ಬರೆದೆ: "ಆಯ್ಕೆಯಾಗಿದೆ. ರುಚಿ, ಹತ್ತಕ್ಕೆ ಒಂಬತ್ತು." ಒಂದು ಅಂಕ ಯಾಕೆ ಕಳೆದೆ ಎಂದು ಅವ್ವ ಕೇಳಿದರು. ಉಳಿದ ಐದನ್ನೂ ನೋಡದೆ ಪೂರ್ತಿ ಅಂಕ ಹೇಗೆ ಕೊಡಲಿ ಎಂದೆ.